ಟೈಲರಕ್ಕ ಬಗ್ಗದ ಬೆಳಗು

ಆ ಬೀದಿಯ ಮನೆಗಳ ನಲ್ಲಿಗಳಲ್ಲಿ ನೀರು ಬರುವುದು ಬೆಳಕು ಹರಿಯುವ ಮುಂಚೆ, ಅದೂ ಸ್ವಲ್ಪ ಹೊತ್ತು. ಅಷ್ಟರೊಳಗೆ ಟೈಲರಕ್ಕ ಎದ್ದು ಹಾಸಿಗೆ ಸುತ್ತಿಡಬೇಕು, ಅಡುಗೆಮನೆ ಗುಡಿಸಬೇಕು, ರಾತ್ರಿಯ ಪಾತ್ರೆ ಉಜ್ಜಬೇಕು, ಅತ್ತೆಯ ಮಂಚದಡಿಯ ಬೇಸಿನ್ ತೊಳೆಯಬೇಕು. ನೀರು ಬಂತೋ, ಬಕೆಟ್ಟು ತುಂಬಿಸಿ, ಎತ್ತಿ, ಬಚ್ಚಲಿನ ಡ್ರಮ್ಮಿಗೆ ಸುರಿದು, ಮತ್ತೆ ನಲ್ಲಿಯ ಕೆಳಗಿಡಬೇಕು. ಡ್ರಮ್ಮು ತುಂಬಿದ ಮೇಲೆ ಬಟ್ಟೆ ನೆನೆಹಾಕಿ ನೆಲ ಒರೆಸಬೇಕು. ಇಷ್ಟೆಲ್ಲ ಮುಗಿದರೂ ಮನೆಯವರ ಪಾಲಿಗೆ ದಿನ ಶುರುವಾಗಿರುತ್ತಿರಲಿಲ್ಲ. ಅವಳು ಚಹಾ ತಂದು ಎಬ್ಬಿಸಿದಾಗಲೇ ಅವರಿಗೆ ಬೆಳಗು. ಅವಳ ಹೊಲಿಗೆ ಕೆಲಸ ಏನಿದ್ದರೂ ಅದಾದ ಮೇಲೆ.

ಕೆಲವು ವರ್ಷಗಳಿಂದ ಆ ಮನೆಯಲ್ಲಿ ಸಾಮಾನುಗಳು ಕುಗ್ಗತೊಡಗಿದ್ದವು. ಮೊದಲು ಟೈಲರಕ್ಕನ ಚಪ್ಪಲಿ ಬಿಗಿಯಾಯಿತು, ಆಮೇಲೆ ಉಂಗುರ, ಕೊನೆಗೆ ಕತ್ತರಿಯ ಹಿಡಿಕೆಯೊಳಗೆ ಹೆಬ್ಬೆರಳೇ ತೂರದಾಯಿತು. ಚಪ್ಪಲಿ ದೊಡ್ಡದು ಬಂತು. ಉಂಗುರ ಕತ್ತರಿಸಿ ತೆಗೆಸಿದರು. ಬಸ್ ಡಿಪೋದ ಮೆಕ್ಯಾನಿಕ್ ಆಗಿದ್ದ ಗಂಡ ಒಂದು ರಜಾದಿನವಿಡೀ ಕೂತು ಕತ್ತರಿಯ ಹಿಡಿಕೆಯನ್ನು ಅರದಿಂದ ಉಜ್ಜಿ ಅಗಲ ಮಾಡಿದ.

“ಈಗ ನೋಡು, ಬೆಣ್ಣೇಲಿ ಹೋದಂಗೆ ಹೋಗುತ್ತೆ.”

ಅವಳಿಗೆ ಅಂದು ಖುಷಿಯೇ ಆಗಿತ್ತು. ಕೈ ಯಾಕೆ ದಪ್ಪವಾಯಿತೆಂದು ಅವನೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

“ದುಡಿಯೋ ಕೈ ಕಣೇ, ಇನ್ನೇನಾಗುತ್ತೆ?” ಎಂದಿದ್ದರು ಅತ್ತೆ.

ದವಡೆ ಮುಂದೆ ಬಂತು. ಹಲ್ಲುಗಳ ನಡುವೆ ಸಂದು ಬಿತ್ತು. ದನಿ ಗಡುಸಾಯಿತು, ಗೊರಕೆ ಹೆಚ್ಚಿತು. “ಅಪ್ಪನ ಬಸ್ಸು ಮನೇಲೇ ಸ್ಟಾರ್ಟ್ ಆಯ್ತು ಅನ್ಕೊಂಡೆ ಅಮ್ಮಾ” ಎಂದು ಕಾಲೇಜಿಗೆ ಹೋಗುವ ಮಗಳು ನಗಾಡಿದಳು. ತಲೆನೋವಿಗೆ ಟೈಲರಕ್ಕ ಹಣೆಗೆ ಬಟ್ಟೆ ಬಿಗಿದುಕೊಂಡು ಹೊಲಿದಳು. ಆಮೇಲಾಮೇಲೆ ಭುಜ ಬಾಗಿಲಿಗೆ ತಾಗತೊಡಗಿತು, ಪಕ್ಕದಲ್ಲಿಟ್ಟ ಲೋಟಗಳು ಉರುಳತೊಡಗಿದವು. “ಕಣ್ಣೇನು ನೆತ್ತಿ ಮೇಲಿದ್ಯಾ?” ಎನ್ನುವುದು ಮನೆಯಲ್ಲಿ ದಿನದ ಮಾತಾಯಿತು.

ಒಮ್ಮೆ ಅಂಥದೇ ಲೋಟ ಉರುಳಿದ್ದು ಅಳತೆ ಕೊಡಲು ಬಂದ ಕಣ್ಣಾಸ್ಪತ್ರೆಯ ನರ್ಸ್ ಒಬ್ಬಳ ಮೇಲೆ. ಅವಳು ಸೀರೆ ಒರೆಸಿಕೊಳ್ಳುವುದನ್ನು ಬಿಟ್ಟು ಟೈಲರಕ್ಕನ ಎದುರಿಗೆ ಕೂತು, ಎರಡೂ ಕೈ ಅಗಲಿಸಿದಳು.

“ಅಕ್ಕಾ, ನನ್ನ ಮೂಗನ್ನೇ ನೋಡ್ತಿರಿ. ನನ್ನ ಬೆರಳು ಆಡೋದು ಕಾಣುತ್ತಾ?”

“ಎಲ್ಲಿವೆ ನಿಮ್ಮ ಬೆರಳು?” ಎಂದಳು ಟೈಲರಕ್ಕ.

ನರ್ಸ್ ಒತ್ತಾಯಿಸಿ ದೊಡ್ಡಾಸ್ಪತ್ರೆಗೆ ಕಳಿಸಿದಳು. ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ ಆದ ಮೇಲೆ ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. “ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಪಿಟ್ಯುಟರಿ ಗ್ರಂಥಿ ಇರುತ್ತೆ. ಅದ್ರಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದ್ರೆ ಬೆಳವಣಿಗೆಯ ಹಾರ್ಮೋನನ್ನ ಬೇಕಾಬಿಟ್ಟಿ ಸುರೀತಿದೆ, ಅದಕ್ಕೇ ಕೈಕಾಲು ಬೆಳೀತಾ ಇರೋದು. ಕಣ್ಣಿನ ನರಗಳನ್ನೂ ಒತ್ತುತ್ತಿದೆ. ತಡ ಮಾಡಿದ್ರೆ ಹೋದ ನೋಟ ವಾಪಸ್ ಬರದೇ ಇರಬಹುದು.”

ಮೂಗಿನ ದಾರಿಯಲ್ಲೇ ಹೋಗಿ ಗಡ್ಡೆ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಎಲ್ಲರ ಎದುರಿಗೆ ಹೇಳಿದರು. “ದವಡೆ ಮೊದಲಿನಂತೆ ಆಗಲ್ಲ, ಕೈ ಊತ ಇಳಿಯುತ್ತೆ. ಹಾರ್ಮೋನು ಹತೋಟಿಗೆ ಬರದಿದ್ರೆ ಇಂಜೆಕ್ಷನ್ ಇದೆ. ಈಗ ಮುಖ್ಯ ಅಂದ್ರೆ ಒಳಗೆ ಹಾಕಿರೋ ತೇಪೆ, ಅದಿನ್ನೂ ಹಸಿ. ನಾನು ಹೇಳೋ ತನಕ ಬಗ್ಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು. ತೇಪೆ ಬಿಟ್ರೆ ಮಿದುಳಿನ ಸುತ್ತಲ ನೀರು ಮೂಗಿಂದ ಸೋರುತ್ತೆ. ಸೋಂಕು ಹತ್ತಿದ್ರೆ ಜೀವಕ್ಕೇ ಅಪಾಯ.”

ಟೈಲರಕ್ಕನಿಗೆ ನಗು ಬಂತು. “ಡಾಕ್ಟ್ರೇ, ನಮ್ಮನೇಲಿ ಬಗ್ಗದೇ ಮಾಡೋ ಕೆಲಸ ಯಾವುದಿದೆ ಹೇಳಿ?”

“ಅದನ್ನ ಅವರನ್ನೇ ಕೇಳಿ” ಎಂದು ಡಾಕ್ಟರಮ್ಮ ಗಂಡನ ಕಡೆ ನೋಡಿದರು.

ಮೊದಲ ವಾರ ಮನೆಯವರು ತುದಿಗಾಲಲ್ಲಿ ನಿಂತರು. ಗಂಡ ನೀರು ಹೊತ್ತ, ಮಗಳು ನೆಲ ಒರೆಸಿದಳು, ಅತ್ತೆ ಕೂತಲ್ಲೇ ತರಕಾರಿ ಹೆಚ್ಚಿದರು. ಆಮೇಲೆ ಒಬ್ಬೊಬ್ಬರದೇ ಸೊಂಟ ನೋಯತೊಡಗಿತು. ನಿನ್ನೆ ರಾತ್ರಿ ಗಂಡ ಗೋಡೆಯ ಕಡೆ ಹೊರಳುತ್ತ ಹೇಳಿದ್ದ: “ನೋಡೋಕೆ ಚೆನ್ನಾಗೇ ಇದ್ದೀಯಲ್ಲ. ಅರ್ಧರ್ಧ ಬಕೆಟ್ಟು ಎತ್ತಿದ್ರೆ ಏನಾಗುತ್ತೆ? ನಾಳೆ ಒಂದಿನ.”

ಈಗ ಅವಳು ಬಚ್ಚಲ ಬಾಗಿಲಲ್ಲಿ ನಿಂತಿದ್ದಾಳೆ. ಎಲ್ಲರೂ ಮಲಗಿದ್ದಾರೆ. ನೋಟ ಬಹುಪಾಲು ಮರಳಿದೆ; ತಲೆ ತಿರುಗಿಸದೆಯೇ ಎಡಕ್ಕೆ ಖಾಲಿ ಡ್ರಮ್ಮು, ಬಲಕ್ಕೆ ಎಂಜಲು ಪಾತ್ರೆಯ ಗುಡ್ಡೆ ಎರಡೂ ಕಾಣುತ್ತವೆ. ಮೊಣಕಾಲೆತ್ತರದ ನಲ್ಲಿ ಗೊರಗೊರ ಎಂದು ಕೆಮ್ಮಿ, ಕೆಳಗಿನ ಬಕೆಟ್ಟಿಗೆ ನೀರು ಬಿಟ್ಟಿತು. ಅರ್ಧವಾಯಿತು. ಕೈ ತಾನಾಗಿಯೇ ಮುಂದೆ ಹೋಯಿತು. ಎತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಎತ್ತದಿದ್ದರೆ ಎಲ್ಲರಿಗೂ ತಿಳಿಯುತ್ತದೆ: ಡಿಪೋಗೆ ಹೊರಡುವವನಿಗೆ, ಕಾಲೇಜಿಗೆ ಹೊರಡುವವಳಿಗೆ, ಮಂಚದ ಮೇಲಿರುವವರಿಗೆ.

ಮೂಗಿನ ಹಿಂದಿನ ಆ ಹಸಿ ತೇಪೆ ನೆನಪಾಯಿತು. ಆಗಷ್ಟೇ ಹಾಕಿದ ತೇಪೆಯನ್ನು ಜಗ್ಗಿದರೆ ಹೊಲಿಗೆಯ ಜೊತೆ ಬಟ್ಟೆಯೂ ಹರಿಯುತ್ತದೆ.

ಬಕೆಟ್ಟು ತುಂಬಿ ತುಳುಕಿತು. ಅವಳು ಗೋಡೆಗೆ ಕೈ ಕೊಟ್ಟು, ತಲೆ ನೆಟ್ಟಗಿಟ್ಟುಕೊಂಡು, ದಪ್ಪ ಕಾಲ್ಬೆರಳುಗಳಿಂದ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಹಜಾರಕ್ಕೆ ಬಂದು ಹೊಲಿಗೆಯಂತ್ರದ ಮುಂದಿನ ಕುರ್ಚಿಯಲ್ಲಿ ನೇರವಾಗಿ ಕೂತಳು. ಯಾರನ್ನೂ ಎಬ್ಬಿಸಲಿಲ್ಲ. ಬೀದಿಯ ಮನೆಗಳಲ್ಲಿ ಒಂದೊಂದೇ ನಲ್ಲಿ ಸಣ್ಣಗಾಗಿ ನಿಲ್ಲುವುದನ್ನು ಕೇಳುತ್ತ ಕೂತಿದ್ದಳು.