ಕರೆಯಲು ಕಳಿಸಿದ ಟೀಚರಮ್ಮ

ಪೆದ್ದಕಡುಬೂರಿನ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರಮ್ಮ ಒಬ್ಬರಿದ್ದರು. ನಮ್ಮ ಕಡೆಯ ಕನ್ನಡ ಪದಗಳ ಆ್ಯಪ್ ಕಟ್ಟುತ್ತಿದ್ದರು. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಿ ಬೆಳೆಸಬಹುದು. ಅದಕ್ಕೆ ಪದ ಸೇರಿಸಲು ಬಂದ ಹೊಸಬರ ಹೆಸರಿನ ಪಕ್ಕ ಅವರನ್ನು ಕರೆತಂದವರ ಹೆಸರೂ ಕಾಣುತ್ತಿತ್ತು. ಕನ್ನಡಕ ಹಣೆಗೇರಿಸಿ, "ಬಂದೋರು ಇನ್ನೊಬ್ರನ್ನ ಕರಕಂಡು ಬರ್ರಿ" ಎನ್ನುವುದು ಅವರ ರೂಢಿ.

ನನಗೂ ಹಾಗೆಯೇ ಹೇಳಿದರು. ನಿಮ್ಮ ತಾತ ತೀರಿಹೋದ ಮೇಲೆ ಶುಭಕಾರ್ಯಕ್ಕೆ ಕರೆಯಲು ನನ್ನನ್ನು ಯಾರೂ ಕಳಿಸಿರಲಿಲ್ಲ, ಮಕ್ಕಳೇ.

"ನಾ ಕರದ್ರ ಯಾರು ಬರ್ತಾರ?" ಎಂದೆ.

"ಕುಂಕುಮಕ್ಕಲ್ಲವ್ವಾ, ಪದ ಹಾಕಾಕ ಕರೀರಿ!"

ಎದುರುಮನೆಯ ಸೊಸೆಯನ್ನು ಕರೆದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಮೊದಲ ಪದ ಸೇರಿಸಿದಳು. ಅವಳ ಹೆಸರಿನ ಪಕ್ಕ ನನ್ನ ಹೆಸರು ಮೂಡಿತು. ಟೀಚರಮ್ಮ ಕನ್ನಡಕ ಹಣೆಗೇರಿಸಿ ನನ್ನತ್ತ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.