ಫೈಲಿನಲ್ಲಿ ಇಲ್ಲದ ಶುಗರ್

ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಅವ್ವ ಮೊದಲಿನಿಂದಲೂ ಹೇಳುತ್ತಿದ್ದಳು. ಅಂಥ ನನಗೆ ಗೋಕಾಕದ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ರೋಗಿಯ ಫೈಲು ಓದಿ, ಡಾಕ್ಟರು ಬರೆದ ಒಂದೊಂದು ಕಾಯಿಲೆಗೂ ಅದರದೇ ಕೋಡ್ ಹಾಕಬೇಕು. ಅದನ್ನು ನೋಡಿಯೇ ವಿಮೆ ಕಂಪನಿಯವರು ಬಿಲ್ಲು ಮಂಜೂರು ಮಾಡುವುದು. ಮೊದಲ ಮೂರು ತಿಂಗಳು ಕೆಲಸ ನೋಡಿ, ಸರಿಬಂದರಷ್ಟೇ ಕಾಯಂ ಮಾಡುತ್ತಾರೆ. ನನಗಿಂತ ಮುಂಚೆ ಬಂದ ಹುಡುಗಿಯನ್ನು ಎರಡೇ ತಿಂಗಳಿಗೆ ಮನೆಗೆ ಕಳಿಸಿದ್ದರು. ಕಲ್ಲೋಳಿಯಿಂದ ಬಸ್ಸಿನಲ್ಲಿ ಬರುವಾಗ ದಿನಾ ಅದೇ ಹೆದರಿಕೆ.

ಎರಡನೇ ವಾರ ತುಕ್ಕಾನಟ್ಟಿಯ ಹೆಂಗಸೊಬ್ಬರ ಫೈಲು ಬಂತು. ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಮುರಿದಿತ್ತು. ಹೆಸರು ನೋಡಿದ ಕೂಡಲೇ ಗುರುತು ಹತ್ತಿತು: ನಮ್ಮ ಚಿಗವ್ವನ ಪಕ್ಕದ ಮನೆಯವರು. ಚಿಗವ್ವ ಹೋಳಿಗೆ ಬಡಿಸಲು ಹೋದಾಗಲೆಲ್ಲ "ಬ್ಯಾಡ ತಂಗಿ, ನನಗ ಶುಗರ್ ಐತಿ" ಎಂದು ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದವರು. ಡಾಕ್ಟರು ಮರೆತದ್ದನ್ನು ನಾನು ಹಿಡಿದೆ ಎಂದು ಹಿಗ್ಗಿ, ಸಕ್ಕರೆ ಕಾಯಿಲೆಯ ಕೋಡನ್ನೂ ಜೋಡಿಸಿದೆ.

ಮರುದಿನ ನಮ್ಮ ಮೇಲಿನ ಮ್ಯಾಡಮ್ ಫೈಲನ್ನು ನನ್ನ ಮುಂದೆ ಇಟ್ಟರು. "ಇದರಾಗ ಶುಗರ್ ಎಲ್ಲಿ ಬರದಾರ, ತೋರ್ಸವಾ."

ಹಾಳೆ ಹಾಳೆ ತಿರುವಿದೆ. ಎಲ್ಲೂ ಇರಲಿಲ್ಲ.

"ನನಗ ಗೊತ್ತೈತ್ರಿ, ನಮ್ಮ ಚಿಗವ್ವನ ಬಾಜೂ ಮನಿಯವ್ರು" ಎಂದೆ.

"ನಿನಗ ಗೊತ್ತಿದ್ದದ್ದು ಯಾರಿಗೆ ಬೇಕವಾ? ಡಾಕ್ಟರ್ ಬರದಿದ್ದಷ್ಟ ಹಾಕಬೇಕು. ಹಿಂಗ ಹೋಗಿದ್ರ ವಿಮೆ ಕಂಪನಿಯವ್ರು ಸುಳ್ಳು ದಾಖಲೆ ಅಂತಿದ್ರು. ಅನುಮಾನ ಇದ್ರ ಚೀಟಿ ಬರದು ಡಾಕ್ಟರನ್ನ ಕೇಳು."

ಬರೆದು ಕಳಿಸಿದೆ. ಕೆಲಸ ಹೋಯಿತೆಂದೇ ತಿಳಿದೆ. ಮಧ್ಯಾಹ್ನ ರೊಟ್ಟಿ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ.

ಸಂಜೆ ವಾರ್ಡಿನ ನರ್ಸ್ ಉತ್ತರ ತಂದರು. ರಕ್ತ ಪರೀಕ್ಷೆ ಮಾಡಿಸಿದ್ದೇವೆ, ಸಕ್ಕರೆ ಕಾಯಿಲೆ ಇಲ್ಲ ಎಂದು ಡಾಕ್ಟರು ಬರೆದಿದ್ದರು. ನರ್ಸ್ ನಗು ತಡೆಯಲಾಗದೆ ಮುಂದಿನದನ್ನೂ ಹೇಳಿದರು: "ಡಾಕ್ಟರ್ ಕೇಳಿದ್ದಕ್ಕ ಆ ಅಕ್ಕಾರು ಏನಂದ್ರು ಗೊತ್ತೈತೇನ್ರಿ? 'ಬಾಜೂ ಮನಿ ಹೋಳಿಗಿ ಕಲ್ಲಿನಂಗ ಇರ್ತಾವ್ರಿ, ಹಲ್ಲು ಉಳಿಸ್ಕೊಳ್ಳಾಕ ಹಂಗ ಹೇಳ್ತೀನಿ' ಅಂದ್ರು!"

ಮ್ಯಾಡಮ್ ಮೇಜು ಬಡಿದು ನಕ್ಕರು. ನಾನು ಕೋಡ್ ಅಳಿಸಿದೆ. "ನಾಳೆ ಲಗೂನ ಬಾ, ಹುಕ್ಕೇರಿ ಕಡಿ ಫೈಲ್ ರಗಡ ಅದಾವ" ಎಂದರು ಮ್ಯಾಡಮ್. ನಾಳೆ ಬಾ ಎಂದರಲ್ಲ! ಹೋದ ಜೀವ ಬಂದಂತಾಯಿತು. ಬಸ್ಸಿನಲ್ಲಿ ನಿಂತುಕೊಂಡೇ ಡಬ್ಬಿ ಖಾಲಿ ಮಾಡಿದೆ.

ಮೂರು ತಿಂಗಳು ಮುಗಿದು ಕೆಲಸ ಕಾಯಂ ಆಯಿತು. ಆ ಖುಷಿಗೆ ಚಿಗವ್ವ ಊಟಕ್ಕೆ ಕರೆದಳು. ತಾಟಿಗೆ ಹೋಳಿಗೆ ಹಾಕುತ್ತ ಕೇಳಿದಳು: "ಬಾಜೂ ಮನಿ ಅಕ್ಕ ನಿಮ್ಮ ದವಾಖಾನಿಗೆ ಬಂದಿದ್ಳಲ್ಲ, ಆಕಿ ಶುಗರ್ ಈಗ ಹೆಂಗೈತಿ?"

ಮಾತು ನಾಲಗೆಯ ತುದಿಗೇ ಬಂದಿತ್ತು.

"ದವಾಖಾನಿ ಮಾತು ಹೊರಗ ಹೇಳಂಗಿಲ್ಲ ಚಿಗವ್ವ" ಎಂದು ಹೋಳಿಗೆ ಮುರಿಯಲು ಹೋದೆ. ಎರಡೂ ಕೈ ಬೇಕಾದವು.