ರೆಕ್ಕೆಯ ನೆರಳಿನಲ್ಲಿ ಬುತ್ತಿ

ಅತ್ತೆಯ ಬಲ ಅಂಗೈ ಅಗಲವಾಗಿತ್ತು, ಕೆಂಪಗಿತ್ತು, ಚರ್ಮ ದಪ್ಪಗಾಗಿತ್ತು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಬೆರಳ ತುದಿಗಳಿಗೆ ಬಿಸಿ ತಾಗುವುದು ಎಂದೋ ನಿಂತುಹೋಗಿತ್ತು. ಚಿಕ್ಕವಳಿದ್ದಾಗ ಆ ಕೈಯಿಂದ ತುತ್ತೂ ತಿಂದಿದ್ದೇನೆ, ಏಟೂ ತಿಂದಿದ್ದೇನೆ. ಅದರ ಭಾರ ಎಷ್ಟೆಂದು ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತು.

ಆಕೆ ನನ್ನ ತಂದೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ಅಫಜಲಪುರ ಬಸ್ ಸ್ಟ್ಯಾಂಡಿನ ಎದುರು ಮೈದುನನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಜನ ಬರುತ್ತಿದ್ದದ್ದು ಆಕೆಯ ರೊಟ್ಟಿಗೆ, ಗಲ್ಲಾದ ಮೇಲೆ ಕೂತು ಮೀಸೆ ತಿರುವುತ್ತಿದ್ದವನು ಮೈದುನ. ಬಾಗಿಲ ಮೇಲಿನ ಬೋರ್ಡಿನಲ್ಲೂ ಅವನದೇ ಹೆಸರು. "ನಂದೂ ಒಂದು ಖಾನಾವಳಿ ಆಗ್ತದ ನೋಡು. ಬೋರ್ಡಿನ ಮ್ಯಾಲ ನನ್ನ ಹೆಸರ ಬರಸ್ತೇನಿ, ಸಣ್ಣದಲ್ಲ, ದೊಡ್ಡ ಅಕ್ಷರದಾಗ" ಎನ್ನುತ್ತಿದ್ದಳು. ಎಂಬತ್ತರ ದಶಕದಲ್ಲಿ ಆಕೆ ಕೊಲ್ಲಿ ದೇಶಕ್ಕೆ ಹೋದದ್ದು ಅದಕ್ಕಾಗಿಯೇ. ನಮ್ಮ ಕಡೆಯ ವೈದ್ಯರೊಬ್ಬರ ಮನೆಗೆ ಅಲ್ಲಿ ಅಡುಗೆಯವರು ಬೇಕಾಗಿದ್ದರು. ಐವತ್ತರ ವಿಧವೆ ಸಮುದ್ರ ದಾಟುತ್ತಾಳೆಂದು ಬಂಧುಗಳೆಲ್ಲ ಬಾಯಿಗೆ ಬಂದಂತೆ ಆಡಿಕೊಂಡರು. "ರೊಟ್ಟಿ ಬಡಿಯಾಕ ಹೊಂಟೇನಿ, ಓಡಿ ಹೋಗಾಕತ್ತಿಲ್ಲ" ಎಂದು ಟ್ರಂಕಿಗೆ ಬೀಗ ಜಡಿದಳು.

ಅತ್ತೆಗೆ ಒಂದು ಅಭ್ಯಾಸವಿತ್ತು. ನಮ್ಮ ಕಡೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಯಾರೂ ಒಳಗೆ ಕೂತು ಬೇಯುವುದಿಲ್ಲ. ಇಳಿದು, ಬೇವಿನ ಮರದ ನೆರಳು ಹಿಡಿದು, ಬುತ್ತಿ ಬಿಚ್ಚಿ, ಗುರುತಿಲ್ಲದವರಿಗೂ ಅರ್ಧ ರೊಟ್ಟಿ ಕೊಟ್ಟು ಉಣ್ಣುತ್ತಾರೆ. ಜೇವರ್ಗಿಯಿಂದ ಅಂದೋಲಾ ಮಠಕ್ಕೆ ಹೋಗುವಾಗ ಎಷ್ಟು ಸಲ ಹಾಗೆ ಉಂಡಿದ್ದೇವೋ. ಎಲ್ಲರಿಗಿಂತ ಮೊದಲು ಇಳಿಯುವವಳು ಅತ್ತೆ. "ನಿಂತ ಗಾಡ್ಯಾಗ ಯಾಕ ಕುಂದರಬೇಕು? ಇಳೀರಿ, ಇಳೀರಿ" ಎಂದು ಕಂಡಕ್ಟರನನ್ನೂ ಎಬ್ಬಿಸುತ್ತಿದ್ದಳು.

ನನ್ನ ಗಂಡನಿಗೂ ಅತ್ತೆಯಿದ್ದ ಊರಿನಲ್ಲೇ ಕೆಲಸ ಸಿಕ್ಕಿತ್ತು. ನನ್ನ ಮಗ ಹುಟ್ಟಿದ್ದು ಅಲ್ಲೇ. ಅವನಿಗೆ ಎಂಟು ತಿಂಗಳಾದಾಗ, ಅತ್ತೆ ಎರಡು ತಿಂಗಳ ರಜೆಗೆ ಊರಿಗೆ ಹೊರಟಳು. ನಾನೂ ಕೂಸನ್ನೆತ್ತಿಕೊಂಡು ಆಕೆಯ ಜೊತೆ ಹೊರಟೆ. ರಜೆ ಮುಗಿಸಿ ಬಂದು ಇನ್ನೆರಡು ವರ್ಷ ದುಡಿದರೆ ಅಫಜಲಪುರದಲ್ಲಿ ಅತ್ತೆಯ ಖಾನಾವಳಿ ಆದಂತೆಯೇ ಇತ್ತು.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಕಟ್ಟಡದಿಂದ ವಿಮಾನದವರೆಗೆ ನಮ್ಮನ್ನು ಬಸ್ಸಿನಲ್ಲಿ ಒಯ್ದರು. ಒಳಗಿದ್ದವರೆಲ್ಲ ಹೆಚ್ಚುಕಡಿಮೆ ನಮ್ಮವರೇ, ಆಳಂದ, ಜೇವರ್ಗಿ ಕಡೆಯ ಗಾರೆ ಕೆಲಸದ ಗೌಂಡಿಗಳು, ಬಡಿಗರು. ಆ ಬಸ್ಸಿನಲ್ಲಿ ಸೀಟು ಇರುವುದೇ ಆರೋ ಎಂಟೋ. ನಮ್ಮ ಗಂಡಸರು ಊರ ಚಟದಂತೆ ಬಾಗಿಲಿನಿಂದಲೇ ಟವೆಲ್ ಎಸೆದು ಸೀಟು ಹಿಡಿದರು. ಎರಡು ನಿಮಿಷದ ದಾರಿಗೂ ಟವೆಲ್ ಬೇಕೇ ಎಂದು ಅತ್ತೆ ನಕ್ಕಳು. ಆಮೇಲೆ ಒಂದು ಟವೆಲ್ ಎತ್ತಿ ಅದರ ಒಡೆಯನ ಹೆಗಲಿಗೇ ಹಾಕಿ, ಆ ಜಾಗದಲ್ಲಿ ನನ್ನನ್ನು ಕೂಡಿಸಿದಳು.

ಬಸ್ಸು ವಿಮಾನದ ಪಕ್ಕ ಹೋಗಿ ನಿಂತಿತು, ಆದರೆ ಬಾಗಿಲು ತೆರೆಯಲಿಲ್ಲ. ದೊಡ್ಡ ಟಿಕೀಟಿನವರು ಮೊದಲು ಹತ್ತಬೇಕಂತೆ. ಅವರು ಇನ್ನೊಂದು ಸಣ್ಣ ಬಸ್ಸಿನಲ್ಲಿ ಬಂದು, ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು ಗಾಜಿನಿಂದ ಕಾಣುತ್ತಿತ್ತು. ನಮ್ಮ ಚಾಲಕ ಎಂಜಿನ್ ನಿಲ್ಲಿಸಿದ. ಅದರೊಂದಿಗೆ ತಣ್ಣನೆಯ ಗಾಳಿಯೂ ನಿಂತಿತು. ನಡು ಮಧ್ಯಾಹ್ನ, ತೆರೆಯಲಾಗದ ಕಿಟಕಿಗಳು, ಒತ್ತಿ ನಿಂತ ಅರವತ್ತು ಎಪ್ಪತ್ತು ಜನ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತೆ ಬಾಗಿಲು ತೆಗೆಯಲು ಹೇಳಿದಳು. ಚಾಲಕ ಹುಕುಂ ಇಲ್ಲವೆಂದು ಕೈಯಾಡಿಸಿದ. ಆಳಂದದ ಗೌಂಡಿಯೊಬ್ಬ ತಗ್ಗಿದ ದನಿಯಲ್ಲಿ, "ಸುಮ್ಮ ಇರ್ರಿ ಯವ್ವಾ. ಇಲ್ಲಿ ಬಾಯಿ ಮಾಡಿದ್ರ ಹೆಸರ ಬರಕೋತಾರ, ಮತ್ತ ವೀಸಾ ಕೊಡೂದಿಲ್ಲ" ಎಂದ. ಅತ್ತೆ ಸುಮ್ಮನಾದಳು. ಆಕೆ ಹಾಗೆ ಸುಮ್ಮನಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅಳುತ್ತಿದ್ದ ನನ್ನ ಮಗ ಸ್ವಲ್ಪ ಹೊತ್ತಿಗೆ ಅಳು ನಿಲ್ಲಿಸಿದ. ಅವನ ಕತ್ತು ನನ್ನ ತೋಳಿನ ಮೇಲೆ ವಾಲಿತು.

"ಅತ್ತಿ, ಕೂಸು ಕಣ್ಣು ತಗೀವಲ್ದು" ಎಂದೆ.

ಅತ್ತೆ ಜನರನ್ನು ಸರಿಸಿ ಬಾಗಿಲ ಬಳಿ ಹೋದಳು. ಅಂಗೈಯಿಂದ ಗಾಜು ಬಡಿಯತೊಡಗಿದಳು, ರೊಟ್ಟಿ ಬಡಿಯುವ ಹದದಲ್ಲೇ, ಬಿಡುವಿಲ್ಲದೆ. ಇಡೀ ಬಸ್ಸು ಅದುರಿತು. ಗಾಜು ಒಡೆದೀತೆಂದು ಹೆದರಿ ಚಾಲಕ ಬಾಗಿಲು ತೆರೆದ. ಅತ್ತೆ ಕೂಸನ್ನು ಎತ್ತಿಕೊಂಡು ನೇರ ವಿಮಾನದ ರೆಕ್ಕೆಯ ನೆರಳಿಗೆ ನಡೆದು, ಕಾಲು ಚಾಚಿ ಕೂತಳು. ಕುಡಿಯುವ ನೀರಿನಿಂದ ಸೆರಗು ಒದ್ದೆ ಮಾಡಿ ಅವನ ಎದೆ, ಹಣೆ ಒರೆಸಿದಳು. ತಿರುಗಿ ಬಸ್ಸಿನ ಕಡೆ ನೋಡಿ, "ನಿಂತ ಗಾಡ್ಯಾಗ ಯಾಕ ನಿಂತೀರಿ? ಇಳೀರಿ" ಎಂದಳು. ಒಬ್ಬೊಬ್ಬರೇ ಇಳಿದರು, ಆ ಗೌಂಡಿಯೂ ಇಳಿದ. ಯಾರೋ ಬುತ್ತಿ ಬಿಚ್ಚಿದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗತೊಡಗಿತು.

ಸಮವಸ್ತ್ರದವನೊಬ್ಬ ಓಡಿ ಬಂದು ಹಿಂದಿಯಲ್ಲಿ ಕೂಗಾಡಿದ. ಅತ್ತೆ ನಮ್ಮೂರ ಉರ್ದುವಿನಲ್ಲಿ, "ಬಚ್ಚೇ ಕು ಹವಾ ಹೋನಾ. ತುಮ್ ಭೀ ಬೈಠೋ" ಎಂದು, ಮಗುವಿಗೆ ಗಾಳಿ ಬೇಕು ನೀನೂ ಕೂಡು ಎನ್ನುತ್ತ, ಅವನ ಮುಂದೆಯೂ ರೊಟ್ಟಿ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಈಗಲೇ ಬಸ್ಸು ಹತ್ತಿದರೆ ಸರಿ, ಇಲ್ಲವಾದರೆ ಪಾಸ್‌ಪೋರ್ಟ್ ಕೊಡು, ಹೆಸರು ಬರೆದುಕೊಂಡರೆ ಮತ್ತೆ ಈ ದೇಶಕ್ಕೆ ಕಾಲಿಡುವಂತಿಲ್ಲ ಎಂದ.

ಅತ್ತೆ ಕೂಸಿನ ಮುಖ ನೋಡಿದಳು. ಅವನು ಕಣ್ಣು ಬಿಟ್ಟು, ಬಾಯಿ ಸೊಟ್ಟ ಮಾಡಿ, ಅಳಲು ಶುರು ಮಾಡಿದ್ದ. ಆಕೆ ಸೊಂಟದ ಸಂಚಿಯಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟಳು. ಈ ಸಲ ಕನ್ನಡದಲ್ಲೇ ಹೇಳಿದಳು, "ಬರಕೋ. ಹೆಸರ ತಪ್ಪಿಲ್ದಂಗ ಬರಿ."

ಅವನು ಬರೆದುಕೊಂಡು ಪಾಸ್‌ಪೋರ್ಟ್ ತಿರುಗಿ ಕೊಟ್ಟ, ಅದೇ ವಿಮಾನದಲ್ಲಿ ನಾವು ಊರಿಗೆ ಬಂದೆವು. ರಜೆ ಮುಗಿದರೂ ಆಕೆಗೆ ವೀಸಾ ಬರಲೇ ಇಲ್ಲ. ಅತ್ತೆ ಮೈದುನನ ಖಾನಾವಳಿಗೆ, ಅದೇ ಒಲೆಯ ಮುಂದಕ್ಕೆ ಮರಳಿದಳು. ನನಗೆ ಆಕೆಗೆ ಮುಖ ತೋರಿಸಲೂ ಸಂಕೋಚ. ವರ್ಷಗಳಾದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ.

"ಅತ್ತಿ, ನನ್ನ ಕೂಸಿನ ಸಲುವಾಗಿ ನಿನ್ನ ಖಾನಾವಳಿ ಹೋತು. ನನ್ನ ಮ್ಯಾಲ ಸಿಟ್ಟಿಲ್ಲೇನು?"

ಹಂಚಿನಿಂದ ಕಣ್ಣೆತ್ತದೆ ಅಂದಳು, "ಕೂಸಿನ ಸಲುವಾಗಿ ಅಂತ ನಿನಗ ಯಾರ್ ಹೇಳಿದ್ರು ಬೇ? ನನಗೂ ಸೆಕಿ ಆಗಿತ್ತು."

ನನ್ನ ಮಗ ಹನ್ನೆರಡು ದಾಟಿದ ವರ್ಷ ಅತ್ತೆ ತೀರಿಕೊಂಡಳು. ನಮ್ಮಲ್ಲಿಯ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಬಲಗೈ ತೊಡೆಯ ಮೇಲಿತ್ತು, ಅಂಗೈ ಮೇಲಾಗಿ. ಮಗ ಪಕ್ಕದಲ್ಲಿ ಕೂತು ಆ ಅಂಗೈಯನ್ನು ಮೆಲ್ಲಗೆ ಮುಟ್ಟಿದ.

"ಬಾಗಲಾ ಬಡದದ್ದು ಇದೇ ಕೈ ಏನವ್ವಾ?"

ಹೌದೆಂದೆ. ನಿನ್ನ ಸಲುವಾಗಿ ಎನ್ನಲು ಬಾಯಿ ತೆರೆದೆ. ಆದರೆ ಆಕೆ ಎದುರಿಗೇ ಕೂತಿದ್ದಳು.

"ಆಕಿಗಿ ಸೆಕಿ ಆಗಿತ್ತಪ್ಪಾ" ಎಂದೆ.